ದನಿ ಅವಳದು, ಚಿತ್ರ ಯಾರದೋ

“ವಾರ್ತೆ ಓದೋರು ನೀವೇ ತಾನೇ?”

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ, ಚಿಂತಾಮಣಿ ಬಸ್ಸಿನಿಂದ ಇಳಿದ ಯುವಕನೊಬ್ಬ ನೇರವಾಗಿ ತನ್ನೆದುರಿಗೇ ಬಂದು ನಿಂತಾಗ ಭಾನುಪ್ರಿಯಾ ನಕ್ಕಳು. ಊರಿನ ಸಿರಿ ಕೇಬಲ್‌ನಲ್ಲಿ ಸಂಜೆಯ ವಾರ್ತೆ ಓದುವ ಹುಡುಗಿ ಅವಳು. ಜನ ಗುರುತು ಹಿಡಿದು ಮಾತಾಡಿಸುವುದು ಅವಳಿಗೆ ಹೊಸದಲ್ಲ. ಆದರೂ ಪ್ರತಿ ಸಲವೂ ಒಳಗೊಳಗೇ ಹಿಗ್ಗುತ್ತಿದ್ದಳು, ಸುಳ್ಳೇಕೆ ಹೇಳಬೇಕು!

“ಹೌದು, ನಾನೇ...”

“ನಮ್ಮಮ್ಮನ್ನ ಊರಿಗೆಲ್ಲ ಕಳ್ಳಿ ಮಾಡಿದ್ರಲ್ಲ. ರಾತ್ರಿ ನಿದ್ದೆ ಬಂತಾ ನಿಮಗೆ?”

ಅವಳ ನಗು ಮುಖದಲ್ಲೇ ಉಳಿದುಹೋಯಿತು, ತೆಗೆಯಲು ಮರೆತಂತೆ.

ಕಳ್ಳಿ? ಯಾರು? ತಾನು ಯಾರ ಹೆಸರನ್ನೂ ಹೇಳಿಲ್ಲವಲ್ಲ...

ಹಿಂದಿನ ದಿನ ಓದಿದ್ದನ್ನು ನೆನಪಿಸಿಕೊಂಡಳು. ಸರ್ಕಾರಿ ಶಾಲೆಯೊಂದರ ಬಿಸಿಯೂಟದ ಅಕ್ಕಿ ಕಳುವಾಗುತ್ತಿದೆ, ತಪ್ಪಿತಸ್ಥರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಪೋಷಕರು ಒತ್ತಾಯಿಸಿದ್ದಾರೆ. ಇಷ್ಟೇ. ಇದರಲ್ಲಿ ಯಾರ ಅಮ್ಮ ಬಂದರು?

ಅದನ್ನೇ ಹೇಳಿದಳು. ಅವನು ನಂಬಲಿಲ್ಲ. ಅವನ ಕಣ್ಣಿನಲ್ಲಿ ಬರೀ ಸಿಟ್ಟಿದ್ದಿದ್ದರೆ ಅವಳೂ ನಾಲ್ಕು ಮಾತು ಬೈದು ಮನೆಗೆ ಹೋಗುತ್ತಿದ್ದಳೇನೋ. ಆದರೆ ಆ ಕಣ್ಣುಗಳು ತುಂಬಿಕೊಂಡಿದ್ದವು. ಅವನು ತಿರುಗಿ ಬಿರಬಿರನೆ ನಡೆದ. ಅವಳು ಹಿಂದೆಯೇ ಓಡಿದಳು.

“ರೀ, ನಿಲ್ಲಿ. ನಿಮ್ಮ ಮನೇಲಿ ಸಿರಿ ಕೇಬಲ್ ಬರತ್ತಾ? ನನಗೆ ತೋರಿಸಿ. ನಾನು ಓದಿದ್ದನ್ನ ನಾನು ಯಾವತ್ತೂ ನೋಡಿಲ್ಲ.”

ಇವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ ಅವನು. ನೀವೂ ಹಾಗೇ ಅಂದುಕೊಳ್ಳಬಹುದು. ಅದಕ್ಕೇ ಸ್ವಲ್ಪ ಊರಿನ ಕಥೆ ಹೇಳಬೇಕು.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾದ ವರ್ಷ ಅದು. ವಾರ್ಡ್ ಚುನಾವಣೆ ಎದುರಿಗಿತ್ತು. ಊರಿಗೆ ಎರಡು ಕೇಬಲ್. ಬಸ್‌ಸ್ಟ್ಯಾಂಡಿನಿಂದ ಈಚೆಗೆ ಒಂದು ಪಕ್ಷದವರದು, ಆಚೆಗೆ ಇನ್ನೊಂದು ಪಕ್ಷದವರದು. ಒಬ್ಬರ ತಂತಿ ಇನ್ನೊಬ್ಬರ ಬೀದಿಗೆ ಕಾಲಿಟ್ಟರೆ ಬೆಳಗಾಗುವಷ್ಟರಲ್ಲಿ ತುಂಡಾಗಿ ಬಿದ್ದಿರುತ್ತಿತ್ತು. ಈಚೆಯವರು ಟಿವಿಯಲ್ಲಿ ನೋಡಿದ ಸಭೆಯಲ್ಲಿ ಜನಸಾಗರ. ಅದೇ ಸಭೆ, ಆಚೆಯವರ ಟಿವಿಯಲ್ಲಿ ಬರೀ ಖಾಲಿ ಕುರ್ಚಿ!

ಭಾನುಪ್ರಿಯಾ ಕೆಲಸ ಮಾಡುತ್ತಿದ್ದುದು ಈಚೆ, ಮನೆ ಇದ್ದುದು ಆಚೆ. ಮಧ್ಯಾಹ್ನ ಕ್ಯಾಮೆರಾ ಮುಂದೆ ಕುಳಿತು ಓದಿ ಮನೆಗೆ ಹೊರಟುಬಿಡುತ್ತಿದ್ದಳು. ದೃಶ್ಯಗಳನ್ನು ಆಮೇಲೆ ಜೋಡಿಸಿ ಸಂಜೆ ಏಳಕ್ಕೆ ಬಿಡುತ್ತಿದ್ದರು. ಮಾರನೆಯ ದಿನ ಐದಕ್ಕೆ ಮರುಪ್ರಸಾರ. ಅವಳ ಅಮ್ಮ ಅಶ್ವತ್ಥಮ್ಮ ಕೂಡ ನೆಂಟರ ಹತ್ತಿರ “ನಮ್ಮ ಹುಡುಗಿ ಟಿವೀಲಿ ಬರ್ತಾಳಂತೆ” ಎಂದೇ ಹೇಳುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಅವನ ಹೆಸರು ಸಿದ್ಧಾರ್ಥ್. ಚಿಂತಾಮಣಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ. ಕೊನೆಗೆ ಅವಳನ್ನು ಮನೆಗೆ ಕರೆದೊಯ್ದ. ಮನೆಯ ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಅವನ ಅಪ್ಪ ಕೋನಪ್ಪ ಕುಳಿತಿದ್ದರು. ಅಮ್ಮ ಅಕ್ಕಯಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಅಂದು ಬೆಳಿಗ್ಗೆ ಶಾಲೆಯವರು, ಸದ್ಯಕ್ಕೆ ಬರುವುದು ಬೇಡ ಎಂದು ಹೇಳಿ ಕಳಿಸಿದ್ದರು. ಆಕೆ ಬಡಿಸಿದ್ದನ್ನು ತಮ್ಮ ಮಕ್ಕಳು ತಿನ್ನುವುದು ಮೊದಲಿಂದಲೂ ಇಷ್ಟವಿಲ್ಲದಿದ್ದ ಕೆಲವರಿಗೆ ಈಗ ಹೇಳಿಕೊಳ್ಳಲು ಒಂದು ಕಾರಣ ಸಿಕ್ಕಿತ್ತು.

ಐದು ಗಂಟೆಯಾಯಿತು.

ಪರದೆಯ ಮೇಲೆ ತನ್ನದೇ ಮುಖ! ಮೊದಲ ಸಲ ನೋಡುತ್ತಿದ್ದಾಳೆ... ಬೊಟ್ಟು ಸ್ವಲ್ಪ ಓರೆಯಾಗಿದೆ. ಅಷ್ಟರಲ್ಲಿ ತನ್ನದೇ ದನಿ, “ಬಿಸಿಯೂಟದ ಅಕ್ಕಿ ಕಳುವಾಗುತ್ತಿದ್ದು...”

ಆ ಮಾತಿಗೆ ತೆರೆಯ ಮೇಲೆ ಅಕ್ಕಯಮ್ಮನ ಮುಖ ಬಂತು. ಚೀಲದ ಬಾಯಿ ಬಿಚ್ಚಿ ಒಳಗೆ ಕೈಹಾಕುತ್ತಿದ್ದಾರೆ. “ತಪ್ಪಿತಸ್ಥರ ಮೇಲೆ” ಎನ್ನುವಾಗ ಆ ಕೈಯ ಸುತ್ತ ಒಂದು ಕೆಂಪು ವೃತ್ತ.

ಒಂದು ಅಕ್ಷರವೂ ಬದಲಾಗಿಲ್ಲ. ಎಲ್ಲ ತಾನು ಓದಿದ್ದೇ! ಆದರೂ ಎಂಥ ಸುಳ್ಳು!

ಕೇಳಿದಾಗ ಅಕ್ಕಯಮ್ಮ ನಿಧಾನವಾಗಿ ಹೇಳಿದರು. ಚೀಲದಲ್ಲಿ ಅಕ್ಕಿ ಕಡಿಮೆ ಬರುತ್ತಿದೆ ಎಂದು ದೂರು ಕೊಟ್ಟವರೇ ಅವರಂತೆ. ಕೇಬಲ್ಲಿನವರು ಬಂದು, ಎಲ್ಲಿ ಕಡಿಮೆ ಇದೆ ಬಿಚ್ಚಿ ತೋರಿಸಿ ಎಂದರಂತೆ. ಬಿಚ್ಚಿ ತೋರಿಸಿದರಂತೆ.

“ಸತ್ಯ ತೋರಿಸ್ತಾರೆ ಅಂತ ಹೊಸ ಸೀರೆ ಉಟ್ಕೊಂಡಿದ್ದೆ ಕಣಮ್ಮ” ಎಂದರು.

ಭಾನುಪ್ರಿಯಾ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಮಕ್ಕಳಿಗೆ ಪಾಠ ಮಾಡುವ ಸಿದ್ಧಾರ್ಥ್, ತಾನೇ ಪರಾಂಬರಿಸದೆ ನಡುಬೀದಿಯಲ್ಲಿ ಒಬ್ಬಳನ್ನು ನಿಲ್ಲಿಸಿ ಬೈದಿದ್ದ. ಕ್ಷಮೆ ಕೇಳಲು ಬಾಯಿ ತೆರೆದ, ಅಷ್ಟರಲ್ಲಿ ಅವಳು ಎದ್ದು ಹೋಗಿಯಾಗಿತ್ತು.

ಸಿರಿ ಕೇಬಲ್‌ನ ಮಾಲೀಕ ಗಂಗುಲಪ್ಪ ಅವಳ ಮಾತನ್ನೆಲ್ಲ ಕೇಳಿ ನಕ್ಕ. ಅಕ್ಕಿ ಸರಬರಾಜು ಮಾಡುವವನು ಅವರ ಪಕ್ಷದ ಅಭ್ಯರ್ಥಿಯ ಬಾಮೈದ ಎನ್ನುವುದು ಅವಳಿಗೆ ಗೊತ್ತಾದದ್ದು ಆಗಲೇ. ತಿದ್ದುಪಡಿ ಓದುತ್ತೇನೆ ಎಂದಳು.

“ಓದಮ್ಮ, ಬೇಡ ಅಂದೋರ್ಯಾರು? ಓದೋದು ನಿನ್ ಕೆಲಸ. ಅದರ ಮೇಲೆ ಯಾವ ಚಿತ್ರ ಹಾಕ್ಬೇಕು ಅನ್ನೋದು ನನ್ ಕೆಲಸ.”

ಅವಳು ಹೊರಗೆ ಬಂದಳು. ಆ ಕುರ್ಚಿಯಲ್ಲಿ ಕುಳಿತು ತಾನು ಇಷ್ಟು ದಿನ ಓದಿದ್ದಕ್ಕೆಲ್ಲ ಏನೇನು ಚಿತ್ರ ಹಾಕಿದ್ದರೋ!

ಸುದ್ದಿ ಹೇಗೋ ಆಚೆಯ ಕೇಬಲ್ಲಿಗೂ ಮುಟ್ಟಿತು. ನಮ್ಮಲ್ಲಿ ಬಂದು ಹೇಳಿ, ಅವರ ಬಣ್ಣ ಬಯಲು ಮಾಡೋಣ ಎಂದು ಮನೆಗೇ ಬಂದರು. ಅಪ್ಪ ವೆಂಕಟರಾಮಪ್ಪನಿಗೂ ಖುಷಿಯೇ, ಅವರು ಆ ಪಕ್ಷದವರು. ಆದರೆ ಆ ಕೇಬಲ್ಲನ್ನು ಅದು ಶುರುವಾದಾಗಿನಿಂದ ನೋಡಿದವಳು ಇವಳು. ಅಕ್ಕಿಯ ಸುದ್ದಿಯನ್ನು ಈವರೆಗೆ ಯಾಕೆ ಹಾಕಲಿಲ್ಲ ಎಂದು ಕೇಳಿದಳು. ಬಂದವರು ಕೆಮ್ಮಿದರು. ಸರಬರಾಜಿನವನು ಅವರಿಗೂ ಜಾಹೀರಾತು ಕೊಡುತ್ತಿದ್ದ, ಮೊನ್ನೆಯಷ್ಟೇ ನಿಲ್ಲಿಸಿದ್ದನಂತೆ.

ಈಚೆಯದೂ ಬೇಡ, ಆಚೆಯದೂ ಬೇಡ. ಹಾಗಾದರೆ ಎಲ್ಲಿ ಓದುವುದು?

ಮಾರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಈಚೆಯ ಬೀದಿಗಳಲ್ಲಿ ಒಂದು ಮೈಕಿನ ಆಟೋ ಹೊರಟಿತು. ಚುನಾವಣೆಯ ಕಾಲ, ಇನ್ನೊಬ್ಬ ಅಭ್ಯರ್ಥಿಯದಿರಬೇಕು ಎಂದು ಯಾರೂ ತಲೆಯೆತ್ತಲಿಲ್ಲ. ಆಗ ದನಿ ಕೇಳಿಸಿತು.

“ನಮಸ್ಕಾರ. ವಾರ್ತೆಗಳು. ಓದುತ್ತಿರುವವರು ಭಾನುಪ್ರಿಯಾ.”

ರೇಷ್ಮೆ ನೂಲು ತೆಗೆಯುತ್ತಿದ್ದವರು ಕೈ ನಿಲ್ಲಿಸಿದರು. ಹೆಂಗಸರು ಬಾಗಿಲಿಗೆ ಬಂದರು. ದಿನಾ ಸಂಜೆ ಮನೆಯೊಳಗೆ ಕೇಳುವ ದನಿ ಹಾಡಹಗಲು ಬೀದಿಯಲ್ಲಿ!

“ಬಿಸಿಯೂಟದ ಅಕ್ಕಿ ಕಡಿಮೆ ಬರುತ್ತಿದೆ ಎಂದು ದೂರು ಕೊಟ್ಟವರು ಅಕ್ಕಯಮ್ಮ. ಚೀಲ ಬಿಚ್ಚಿ ತೋರಿಸಿದ ಅವರ ಚಿತ್ರವನ್ನೇ ಕಳ್ಳತನದ ಸುದ್ದಿಗೆ ಹಾಕಲಾಗಿದೆ. ದನಿ ನನ್ನದು. ನೋಡದೆ ಓದಿದ್ದು ನನ್ನ ತಪ್ಪು. ಶಾಲೆಗೆ ಹೋಗಿ, ಚೀಲಗಳನ್ನು ನೀವೇ ತೂಗಿಸಿ ನೋಡಿ.”

ಮೂರನೆಯ ಬೀದಿಗೆ ಬರುವಷ್ಟರಲ್ಲಿ ಗಂಗುಲಪ್ಪನ ಕಡೆಯವರು ಆಟೋ ಅಡ್ಡಗಟ್ಟಿ ಮೈಕಿನ ವೈರು ಕಿತ್ತರು. ಅವಳು ಇಳಿದು, ಬರೀ ಗಂಟಲಿನಲ್ಲಿ ಅದನ್ನೇ ಮೊದಲಿಂದ ಓದತೊಡಗಿದಳು. ಯಾರೋ ಕೆಟ್ಟ ಮಾತಾಡಿದರು, ಇನ್ನೊಬ್ಬ ಭುಜ ಹಿಡಿದು ತಳ್ಳಿದ. ಬೀಳಬೇಕಿತ್ತು, ಬೀಳಲಿಲ್ಲ. ದನಿ ಕೇಳಿ ಓಡಿಬಂದ ಸಿದ್ಧಾರ್ಥ್ ಹಿಂದೆ ನಿಂತಿದ್ದ.

“ಓದಿ, ನಾನಿದೀನಿ” ಎಂದ.

ಅವಳು ಓದಿದಳು. ಗಂಟಲು ಕಟ್ಟುವವರೆಗೂ ಓದಿದಳು. ಆಮೇಲಿನ ಬೀದಿಗಳಲ್ಲಿ ಓದುವ ಅಗತ್ಯವೇ ಬೀಳಲಿಲ್ಲ, ಹೆಂಗಸರೇ ಮಾತು ಮುಟ್ಟಿಸಿದ್ದರು.

ಅಂದೇ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ತಾಯಂದಿರ ಎದುರಿಗೆ ಚೀಲಗಳು ತಕ್ಕಡಿ ಏರಿದವು. ಹೊಲಿಗೆ ಬಿಚ್ಚದ ಚೀಲಗಳಲ್ಲೇ ಅಕ್ಕಿ ಕಡಿಮೆ! ಸರಬರಾಜಿನವನ ಮೇಲಿನ ವಿಚಾರಣೆ ಮುಂದೆ ಏನಾಯಿತು ಎಂದು ಕೇಳಬೇಡಿ, ನಡೆಯುತ್ತಲೇ ಇದೆ. ಆದರೆ ಸೋಮವಾರ ಅಕ್ಕಯಮ್ಮ ಮತ್ತೆ ಒಲೆ ಹಚ್ಚಿದರು. ಮಕ್ಕಳು ಸಾಲಾಗಿ ತಟ್ಟೆ ಹಿಡಿದರು.

ಕೆಲಸ ಕಳೆದುಕೊಂಡ ಭಾನುಪ್ರಿಯಾ ಅಂದು ಅಲ್ಲಿಗೆ ಬಂದಿದ್ದಳು. ಅಕ್ಕಯಮ್ಮ ಅವಳಿಗೂ ಅನ್ನ ಸಾರು ಬಡಿಸಿ, ಮಗನ ಕಡೆ ಒಮ್ಮೆ ನೋಡಿ ಒಳಗೆ ಹೋದರು. ಜಾಣೆ ತಾಯಿ!

ಸಿದ್ಧಾರ್ಥ್ ಪಕ್ಕದ ಮೆಟ್ಟಿಲ ಮೇಲೆ ಕುಳಿತ.

“ಅವತ್ತು ನಿಮ್ಮ ಮೇಲೆ ಅಷ್ಟೊಂದು ಸಿಟ್ಟು ಯಾಕೆ ಬಂತು ಗೊತ್ತಾ?” ಎಂದು ಕೇಳಿದ. “ಏಳು ಗಂಟೆ ಒಳಗೆ ಮನೇಲಿರ್ಬೇಕು ಅಂತ ದಿನಾ ಓಡಿ ಬಂದು ಬಸ್ ಹಿಡೀತಿದ್ದೆ. ವಾರ್ತೆಗಲ್ಲ... ನಿಮ್ಮನ್ನ ನೋಡಕ್ಕೆ. ಬೇರೆ ಯಾರಾದ್ರೂ ಓದಿದ್ರೆ ಬೈದು ಸುಮ್ನಾಗ್ತಿದ್ದೆ. ನೀವು ಓದಿದ್ರಿ ಅಂತ ತಡ್ಕೊಳ್ಳಕ್ಕಾಗ್ಲಿಲ್ಲ.”

ಅವಳ ಕೈಯ ತುತ್ತು ಅರ್ಧದಲ್ಲೇ ನಿಂತಿತು. ಆ ವಾರದಲ್ಲಿ ಅವಳಿಗೆ ಆಘಾತಗಳೇನೂ ಕಡಿಮೆಯಿರಲಿಲ್ಲ. ಆದರೆ ಇದಕ್ಕೆ ಎದೆ ಬೇರೆಯೇ ರೀತಿ ಹೊಡೆದುಕೊಂಡಿತು.

“ನೀವು ನೋಡಿದ್ದು ಟಿವಿಯವಳನ್ನ” ಎಂದಳು. “ನಾನು ಬೇರೆ.”

“ಗೊತ್ತಾಯ್ತು. ಟಿವಿಯವಳು ಇಷ್ಟು ಜಗಳಗಂಟಿ ಅಲ್ಲ.”

ಅವಳು ನಕ್ಕಳು, ಕೂಡಲೇ ಗಂಭೀರಳಾದಳು. “ನಮ್ಮಪ್ಪ ಸುಲಭಕ್ಕೆ ಒಪ್ಪಲ್ಲ. ಜಾತಿ ಎತ್ತಿ ಮಾತಾಡಬಹುದು. ಬಾಗಿಲಲ್ಲೇ ನಿಲ್ಲಿಸಬಹುದು.”

“ನಿಲ್ಲಿಸ್ಲಿ. ನೀವೆಲ್ಲಿರ್ತೀರಾ ಆಗ?”

ಭಾನುಪ್ರಿಯಾ ಎಡಗೈ ಚಾಚಿ ಅವನ ಕೈ ಹಿಡಿದಳು.

“ಬಾಗಿಲಾಚೆ. ನಿಮ್ಮ ಪಕ್ಕದಲ್ಲಿ.”