ಅರಸಿನ ಹಚ್ಚಿದ ಅಸಲು

1998ರ ಜನವರಿ 19, ಸೋಮವಾರ, ಬೆಳಿಗ್ಗೆ ಹತ್ತೂವರೆ. ಶಿರೂರಿನ ಪ್ರೇಮಾನಂದ ಕುಂದಾಪುರ ಠಾಣೆಗೆ ಬಂದರು ಎನ್ನುವುದಕ್ಕಿಂತ ನುಗ್ಗಿದರು ಎನ್ನಬೇಕು. ಮುಂಬೈಯಲ್ಲಿ ನಾಲ್ಕು ಹೋಟೆಲು, ಊರಲ್ಲಿ ಐಸ್ ಕಾರ್ಖಾನೆ ಇರುವ ಧಣಿ. ಕುರ್ಚಿ ತೋರಿಸುವವರೆಗೆ ಕಾಯುವ ಅಭ್ಯಾಸವೆಲ್ಲಿ!

ದೂರು ಇಷ್ಟು. ಮುಚ್ಚಿಟ್ಟ ಆದಾಯವನ್ನು ತಾವಾಗಿ ಘೋಷಿಸಿದವರ ಮೇಲೆ ಕೇಸಿಲ್ಲ ಎಂದು ಸರ್ಕಾರ ಹೇಳಿತ್ತು. ಡಿಸೆಂಬರ್ 31 ಕೊನೆಯ ದಿನ. ತೆರಿಗೆ ವಕೀಲ ಶೈಲೇಶ್ ಅರ್ಜಿ ತಯಾರಿಸಿ, ಮಂಗಳೂರು ತೆರಿಗೆ ಕಚೇರಿಯ ಮೊಹರು ಬಿದ್ದ ನಕಲು ಕೊಟ್ಟಿದ್ದರು. ಮೊನ್ನೆ ಮನೆ ಜಾಲಾಡಲು ಬಂದ ಅಧಿಕಾರಿಗಳಿಗೆ ಅದನ್ನು ತೋರಿಸಿದರೆ, ಅಂಥ ಅರ್ಜಿಯೇ ಬಂದಿಲ್ಲ, ಮೊಹರು ಖೋಟಾ ಎಂದುಬಿಟ್ಟರು. ಇನ್ನು ಧಣಿಗೆ ಜೈಲೇ ಗತಿ.

"ಮೊದ್ಲ್ ಆ ವಕೀಲ್ನ ಒಳಗ್ ಹಾಕಿ!"

ಎಫ್‌ಐಆರ್ ಆಯಿತು. ಇನ್ಸ್‌ಪೆಕ್ಟರ್ ದುಗ್ಗಪ್ಪ ಮೊಹರು ಬಿದ್ದ ಕಾಗದವನ್ನು ತಿರುಗಿಸಿ ನೋಡಿದರು. ಮೂಲೆಯಲ್ಲಿ ಹಳದಿ ಕಲೆ.

"ಇದೆಂತ ಧಣಿ, ಅರಸಿನ?"

"ನಮ್ಮನಿ ಕ್ರಮ. ಸರ್ಕಾರಕ್ಕೆ ಹೋಪ ಕಾಗ್ದ ದೈವದ ಮುಂದ್ ಇಟ್ಟ್, ಮೂಲಿಗೆ ಅರಸಿನ ಹಚ್ಚುದ್."

"ನಕಲಿಗೂ ಹಚ್ತ್ರಾ?"

"ಇಲ್ಲೆ ಮಾರಾಯ್ರೆ, ಅಸಲಿಗ್ ಮಾತ್ರ..." ಧಣಿ ಕಾಗದವನ್ನು ಕಿತ್ತುಕೊಂಡು ನೋಡಿದರು.

ಅಯ್ಯೋ ದೇವರೇ! ಹತ್ತೊಂಬತ್ತು ದಿನ ಆ ಕಾಗದವನ್ನು ಕಣ್ಣಿಗೊತ್ತಿ ತಿಜೋರಿಯಲ್ಲಿಟ್ಟಿದ್ದರು. ಅರಸಿನ ಕಂಡು ದೈವ ಕಾಯಿತು ಎಂದುಕೊಂಡರೇ ಹೊರತು, ಕಚೇರಿಯಲ್ಲಿರಬೇಕಾದ ಅಸಲು ತಮ್ಮ ಕೈಗೆ ಹೇಗೆ ಬಂತು ಎಂದು ಯೋಚಿಸಲಿಲ್ಲ. ಅರ್ಜಿ ಮಂಗಳೂರು ಮುಟ್ಟಿಯೇ ಇರಲಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ವಕೀಲರ ಕಚೇರಿ. ಧಣಿಯೂ ಬೆನ್ನಿಗೇ ಬಂದರು. ಶೈಲೇಶ್ ಟೈಪಿಸ್ಟ್ ಕೂತಿದ್ದ ಮೇಜಿನತ್ತ ಕೈ ತೋರಿಸಿದರು.

"ಕೊನಿ ದಿನ ಅಸಲ್, ನಕಲ್ ಎರಡೂ ವನಜನ ಕೈಯಂಗ್ ಕೊಟ್ಟ್ ಬಸ್ಸಿಗೆ ಕಳ್ಸಿದ್ದೆ."

ವನಜ ಅಲ್ಲಿ ಹನ್ನೆರಡು ವರ್ಷದಿಂದ ಟೈಪಿಸ್ಟ್. ಪಂಚರ ಎದುರು ಅವಳ ಮೇಜಿನ ಡ್ರಾಯರ್ ತೆಗೆದರೆ ರಬ್ಬರ್ ಮೊಹರು ಸಿಕ್ಕಿತು. ಪಂಚನಾಮೆ ಬರೆದು ಸಹಿ ಹಾಕಿಸಿದರು. ಕಾನ್‌ಸ್ಟೇಬಲ್ ಬಚ್ಚ ಮೊಹರು ಹಿಡಿದು ಅಂಗಡಿ ಅಂಗಡಿ ಅಲೆದ. ಅದನ್ನು ಡಿಸೆಂಬರ್ 20ರಂದು ವನಜಳಿಗೆ ಮಾಡಿಕೊಟ್ಟದ್ದು ತಾನೇ ಎಂದು ಬ್ರಹ್ಮಾವರದ ಅಂಗಡಿಯವನು ಒಪ್ಪಿದ. ಬಚ್ಚ ಅಲ್ಲಿಂದ ವಕೀಲರ ಕಚೇರಿಗೆ ಫೋನ್ ಮಾಡಿದಾಗ ಮೂರೂವರೆ.

"ಅವತ್ತ್ ಬಸ್ ಹತ್ತಿದ್ಯಾ?" ದುಗ್ಗಪ್ಪ ವನಜಳನ್ನು ಕೇಳಿದರು.

"ಹತ್ತಿದೆ. ಬ್ರಹ್ಮಾವರದಂಗ್ ಇಳ್ದೆ. ಕೈಗ್ ಸಿಕ್ಕಿದ್ ಪ್ರತಿಗೆ ಮೊಹರ್ ಒತ್ತಿ ವಾಪಸ್ ತಂದೆ."

"ಎಂತಕ್ಕೆ ಮಾರಾಯ್ತಿ?"

ವನಜ ಧಣಿಯನ್ನೇ ನೋಡಿದಳು. "ತೊಂಬತ್ತಾರರ ಅಕ್ಟೋಬರ್ ಮೂವತ್ತೊಂದ್. ಅವತ್ತೂ ಇವ್ರದ್ದೇ ತೆರಿಗೆ ಲೆಕ್ಕದ್ ಗಡುವ್. ಮಗಳಿಗ್ ಜರ ಏರಿತ್ ಅಂದ್ ನೆರೆಮನೆಯವ್ರ್ ಫೋನ್ ಮಾಡಿರ್. ಹೋತೆ ಅಂದೆ. ವಕೀಲ್ರ್ ಟೈಪ್ ಮುಗ್ಸಿ ಹೋಗ್ ಅಂದ್ರ್. ಧಣಿ ಇಲ್ಲೇ ಕೂಕಂಡಿದ್ರ್. 'ಮಕ್ಳ್ ಜರ ಬತ್ತ್, ಹೋತ್. ನನ್ ಗಡುವ್ ಹೋರೆ ಮತ್ತ್ ಬತ್ತಾ?' ಅಂದ್ರ್."

ಏಳು ವರ್ಷದ ಶ್ರೀಲತಾ ಅಂದು ಸಂಜೆ ಐದಕ್ಕೆ ತೀರಿಕೊಂಡಳು. ವನಜ ಟೈಪ್ ಮುಗಿಸಿದ್ದು ಐದೂವರೆಗೆ. ಹೊಟ್ಟೆಪಾಡು ನೋಡಿ, ಹದಿನೈದೇ ದಿನಕ್ಕೆ ಮತ್ತೆ ಅದೇ ಮೇಜಿಗೆ ಬಂದು ಕೂತಿದ್ದಳು.

ನಾಲ್ಕು ಹತ್ತಕ್ಕೆ ಬಂಧನ. ಮಹಿಳಾ ಪೇದೆ ಪುಷ್ಪ ಅವಳನ್ನು ಜೀಪಿಗೆ ಹತ್ತಿಸಿದಳು. ಧಣಿ ಇನ್ಸ್‌ಪೆಕ್ಟರರ ಹಿಂದೆಯೇ ಓಡಿ ಬಂದರು.

"ಹ್ವಾಯ್, ಇವ್ಳ್ ಒಪ್ಕಂಡ್ಳಲೆ. ಇನ್ ನನ್ ಅರ್ಜಿ ತೆರಿಗೆಯವ್ರ್ ತಕಂತ್ರಾ?"

"ಗಡುವ್ ಮುಗೀತ್ ಧಣಿ," ಎಂದು ದುಗ್ಗಪ್ಪ ಜೀಪು ಹತ್ತಿದರು.