ಕಮಾಂಡರ್ ಮನೆಯ ಕತ್ತಿ

ನವರಾತ್ರಿಯ ಎಂಟನೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಪೊಲೀಸ್ ಠಾಣೆಗೆ ದೂರು ಬಂತು. ದೂರುದಾರರು ಭಾರತೀಯ ನೌಕಾಪಡೆಯ ನಿವೃತ್ತ ಕಮಾಂಡರ್ ಪ್ರದ್ಯುಮ್ನ. ಕಳುವಾದದ್ದು ಪರೇಡಿನಲ್ಲಿ ಅವರು ಸೊಂಟಕ್ಕೆ ಕಟ್ಟುತ್ತಿದ್ದ ಕತ್ತಿ. ಸಂಜೆ ಐದಕ್ಕೆ ಅದನ್ನು ಮಿಲ್ಪಿಟಾಸ್‌ನ ಮಾಜಿ ಸೈನಿಕರ ಸಂಘಕ್ಕೆ ದಾನ ಕೊಡುವುದಿತ್ತು.

ಡಿಟೆಕ್ಟಿವ್ ರಂಜನಿ, ಆಫೀಸರ್ ಅಮೀನ್ ಜೊತೆ ಹೋಗಿ ಸ್ಥಳ ಮಹಜರು ಮಾಡಿದಳು. ಬೀಗ ಒಡೆದಿರಲಿಲ್ಲ. ಗೋಡೆಯ ಮೇಲೆ ಬರೀ ಒರೆ ನೇತಾಡುತ್ತಿತ್ತು. ಗ್ಯಾರೇಜು, ಬಟ್ಟೆಯ ಕಪಾಟು ಎಲ್ಲ ಜಾಲಾಡಿದ್ದಾಯಿತು. ಅಮೀನ್ ಬೊಂಬೆ ಮೆಟ್ಟಿಲಿನ ಬಿಳಿ ಬಟ್ಟೆಗೆ ಕೈ ಹಾಕಿದ್ದೇ ತಡ, ಕಮಾಂಡರರ ಹೆಂಡತಿ ಓಡಿ ಬಂದರು. ಅವರ ಹೆಸರು ಇಂದು.

"ಅಯ್ಯೋ, ಬೇಡಪ್ಪಾ! ದಶಮಿ ರಾತ್ರಿ ಬೊಂಬೆ ಮಲಗಿಸೋವರೆಗೂ ಅಲುಗಾಡಿಸೋ ಹಾಗಿಲ್ಲ."

ಮೈಸೂರಿನ ಮನೆಯಲ್ಲಿ ಬೆಳೆದ ರಂಜನಿಯೂ ತಾನಾಗಿಯೇ ಹಿಂದೆ ಸರಿದಳು. ಆಮೇಲೆ ಕಮಾಂಡರರತ್ತ ತಿರುಗಿದಳು.

"ಕಳ್ಳ ಒರೆ ಯಾಕೆ ಬಿಟ್ಟ ಸರ್?"

"ಚರ್ಮದ ಒರೆಯಲ್ಲಿ ಬಹಳ ದಿನ ಇಟ್ರೆ ಅಲಗು ತುಕ್ಕು ಹಿಡಿಯತ್ತೆ. ಅದು ಗೊತ್ತಿರೋರೇ ಇರ್ಬೇಕು."

"ಯಾರು ಹೇಳಿದ್ದು?"

"ನಮ್ಮ ಇಂದು. ಎಣ್ಣೆ ಹಚ್ಚೋದೂ ಅವಳೇ."

"ಸರ್ವೀಸಲ್ಲಿ ಎಷ್ಟು ಸಲ ಕಟ್ಟಿದೀರಿ?"

ಅವರು ಬೆರಳು ಮಡಿಚಿದರು. ಎರಡು ಕೈಗಳ ಬೆರಳೂ ಪೂರ್ತಿ ಬೇಕಾಗಲಿಲ್ಲ.

"ಮಿಕ್ಕ ದಿನ?"

"ನಾನು ಹಡಗಲ್ಲಿ. ಅದು ಮನೇಲಿ... ಇವಳ ಹತ್ರ." ಕೊನೆಯ ಮಾತಿಗೆ ಅವರ ದನಿ ಇಳಿಯಿತು.

ರಂಜನಿ ಬೊಂಬೆಗಳ ಮುಂದೆ ಮಂಡಿಯೂರಿದಳು. "ಆಂಟಿ, ಬೊಂಬೆ ಮುಟ್ಟಲ್ಲ. ಮೆಟ್ಟಿಲ ಕೆಳಗೆ ಕೈ ಹಾಕ್ಲಾ?"

ಇಂದು ಬಿಳಿ ಬಟ್ಟೆಯ ಅಂಚನ್ನು ತಾವೇ ಎತ್ತಿ ಹಿಡಿದರು. "ಎಡಗಡೆಯಿಂದ ಹಾಕಮ್ಮಾ. ಬಲಗಡೆ ಮೊನೆ ಇದೆ, ಕೈಗೆ ತಾಗೀತು."

ಹಳೆಯ ನೂಲಿನ ಸೀರೆಯಲ್ಲಿ ಮಗುವಿನಂತೆ ಸುತ್ತಿದ ಕತ್ತಿ ಹೊರಗೆ ಬಂತು.

"ಆಂಟಿ, ಯು ಆರ್ ಅಂಡರ್ ಅರೆಸ್ಟ್!" ಎಂದ ಅಮೀನ್, ನಗು ತಡೆಯಲಾರದೆ.

ಇಂದು ಎರಡೂ ಕೈ ಚಾಚಿದರು. "ಹಾಕಪ್ಪಾ ಬೇಡಿ. ಮೊದಲು ಉಸ್ಲಿ ತಿನ್ನಿ, ಬಿಸಿಯಾಗಿದೆ."

"ಕೇಳಿದ್ರೆ ನಾನು ಬೇಡ ಅಂತಿದ್ನೇನೇ?" ಎಂದರು ಕಮಾಂಡರ್.

"ದಾನ ಕೊಡೋಕೆ ಮುಂಚೆ ನೀವು ನನ್ನ ಕೇಳಿದ್ರೇನ್ರೀ? ಮದುವೆಯಾದ ವಾರಕ್ಕೇ ಹಡಗು ಹತ್ತಿದ್ರಿ. ವಿಶಾಖಪಟ್ಟಣದ ಕ್ವಾರ್ಟರ್ಸಲ್ಲಿ ನಿಮ್ಮದು ಅಂತ ಇದ್ದಿದ್ದು ಇದೊಂದೇ. ಒರೆಸ್ತಾ ಒರೆಸ್ತಾ ಊಟ ಆಯ್ತಾ ಅಂತ ಇದನ್ನೇ ಕೇಳ್ತಿದ್ದೆ."

ಕಮಾಂಡರ್ ಫೋನು ತೆಗೆದು ಸಂಘದ ಅಧ್ಯಕ್ಷರಿಗೆ ಕ್ಷಮೆ ಕೇಳಿದರು. ಟೋಪಿ, ಪದಕಗಳನ್ನು ಸಂತೋಷವಾಗಿ ಕೊಡುತ್ತೇನೆ, ಕತ್ತಿ ಮಾತ್ರ ಮನೆಯವಳದ್ದು ಎಂದರು. ಇಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಅಮೀನ್ ಗಾಬರಿಯಾದ. ನೋಡಿದರೆ ನಗುತ್ತಿದ್ದರು.

ಉಸ್ಲಿಯ ತಟ್ಟೆ ಪಕ್ಕಕ್ಕಿಟ್ಟು ರಂಜನಿ ವರದಿ ಮುಗಿಸಿದಳು. ಕೃತ್ಯಕ್ಕೆ ಕಾರಣ ಎಂಬಲ್ಲಿ ಹೀಗೆ ಬರೆದಳು: "ದೂರುದಾರರು ಸಮುದ್ರದಲ್ಲಿದ್ದಷ್ಟು ಕಾಲ ಆರೋಪಿ ಮನೆಯಲ್ಲಿ ಕಾಯುತ್ತಿದ್ದರು."