ಉಪವಾಸದ ಕೊಳ

ಬೆಳಿಗ್ಗೆ ನಾನು ಈಜುಕೊಳದ ಬದಿಯ ಚಿಪ್ಸ್ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಕೊಳ ಹಸಿರಾಗಿತ್ತು.

ಅಂಥಿಂಥ ಹಸಿರಲ್ಲ, ಬಟಾಣಿ ಸಾರಿನ ಹಸಿರು. ಹಿಂದಿನ ಸಂಜೆ ಸ್ವಲ್ಪ ಮಬ್ಬಾಗಿತ್ತು ನಿಜ. ಭಾನುವಾರ ಧೂಳಿನ ಬಿರುಗಾಳಿ ಬೀಸಿತ್ತಲ್ಲ, ಅದರದೇ ಕೊಳೆ ಎಂದುಕೊಂಡಿದ್ದೆವು. ಈಗ ನೋಡಿದರೆ ಆಳದ ಕಡೆ ತಳವೇ ಕಾಣದು.

ಕ್ಲೈವ್ ಅಂಚಿನಲ್ಲಿ ಮಂಡಿಯೂರಿ ಕೂತಿದ್ದ. ವಿರಾಬೀನ್ ಊರಿನ ಈಜುಕೊಳ ನೋಡಿಕೊಳ್ಳುವವನು ಅವನೇ. ಬೋಳು ತಲೆ, ಬಿಸಿಲಿಗೆ ಸುಟ್ಟ ಕಿವಿ. ಒಂದು ಕೈ ನೀರಿನೊಳಗಿತ್ತು.

"ಏನಾಯ್ತೋ ಇವಳಿಗೆ," ಎಂದ.

ಅವನು ನನ್ನನ್ನು ಕೇಳಿದ್ದಲ್ಲ. ನಮ್ಮೂರ ಗಂಡಸರಿಗೆ ಲಾರಿಯೂ ಅವಳೇ, ದೋಣಿಯೂ ಅವಳೇ, ಕೆಟ್ಟು ನಿಂತ ಪಂಪೂ ಅವಳೇ. ಹೆಂಡತಿಯನ್ನು ಕರೆಯುವಾಗ ಮಾತ್ರ ಹೆಸರು ಬೇಕಾಗುತ್ತದೆ.

ಶನಿವಾರ ಸುತ್ತಲ ಊರುಗಳ ಶಾಲೆಗಳಿಗೆಲ್ಲ ಇಲ್ಲಿ ಈಜು ಸ್ಪರ್ಧೆ. ಕೊಳವನ್ನು ಹೊರಗಿನ ಕಂಪನಿಗೆ ವಹಿಸಿ ಕ್ಲೈವ್‌ನನ್ನು ಮನೆಗೆ ಕಳಿಸಬೇಕೆಂದು ಕೌನ್ಸಿಲ್‌ನವರು ಬಹಳ ದಿನದಿಂದ ಹವಣಿಸುತ್ತಿದ್ದರು. ಅವರಿಗೆ ಒಂದು ನೆಪ ಸಿಕ್ಕಿರಲಿಲ್ಲ, ಅಷ್ಟೆ. ಅವತ್ತು ಗುರುವಾರ, ಸಂಜೆಗೆ ಅವರ ಸಭೆ. ನೆಪ ತಾನಾಗಿ ಬಂದು ಅವರ ಮಡಿಲಿಗೆ ಬಿದ್ದಿತ್ತು.

ಸಾರ್ಜೆಂಟ್ ಬ್ರಿಡಿ ಬಂದಳು. ಊರಿನ ಪೊಲೀಸ್ ಠಾಣೆ ಅಂದರೆ ಅವಳೊಬ್ಬಳೇ. ದಿನಾ ಕೆಲಸಕ್ಕೆ ಮುಂಚೆ ಈಜಲು ಬರುತ್ತಾಳೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ನೀರನ್ನು ನೋಡುತ್ತಾ ನಿಂತಳು.

"ಧೂಳಿಂದ ಆಗಿದ್ದು," ಎಂದ ಕ್ಲೈವ್. "ಧೂಳಲ್ಲಿ ಫಾಸ್ಫೇಟ್ ಇರುತ್ತೆ. ಫಾಸ್ಫೇಟ್ ಅಂದ್ರೆ ಪಾಚಿಗೆ ಊಟ ಇದ್ದ ಹಾಗೆ. ನಾನು ಇವಳನ್ನ ಉಪವಾಸ ಇಟ್ಟಿರ್ತೀನಿ. ನೀರಲ್ಲಿ ಒಂದು ಚೂರು ಫಾಸ್ಫೇಟ್ ಉಳಿಯೋಕೆ ಬಿಡಲ್ಲ."

"ಎರಡು ವರ್ಷದಿಂದ ಎಷ್ಟು ಸಲ ಧೂಳು ಬಂತು. ಯಾವತ್ತೂ ಹೀಗಾಗಿರಲಿಲ್ವಲ್ಲ."

ಬ್ರಿಡಿ ಪಂಪಿನ ಶೆಡ್ಡಿನ ಹಿಂದೆ ಹೋದಳು. ಕಸದ ಡಬ್ಬಿ ತಡಕಿದ ಸದ್ದು ಕೇಳಿಸಿತು. ವಾಪಸು ಬಂದಾಗ ಅವಳ ಕೈಯಲ್ಲಿ ಒಂದು ಖಾಲಿ ಚೀಲವಿತ್ತು. ಹುಲ್ಲಿಗೆ ಹಾಕುವ, ನೀರಿನಲ್ಲಿ ಕರಗುವ ಗೊಬ್ಬರದ್ದು. ಫಾಸ್ಫೇಟ್ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಮೂಲೆಯಲ್ಲಿ ಪಕ್ಕದ ಬೌಲ್ಸ್ ಕ್ಲಬ್ಬಿನ, ಅಂದರೆ ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವವರ ಕ್ಲಬ್ಬಿನ ಮುದ್ರೆ.

"ಇದೂ ಗಾಳಿಲಿ ಹಾರಿ ಬಂತಾ ಕ್ಲೈವ್? ಅದೂ ಅಂಚಿಗೆ ಅಂಚು ಕೂಡಿಸಿ ಮಡಚ್ಕೊಂಡು?"

* * *

ಬೌಲ್ಸ್ ಕ್ಲಬ್ಬಿನ ಹುಲ್ಲು ನೋಡಿಕೊಳ್ಳುವ ಲೆಸ್‌ಗೂ ನಮ್ಮ ಕೊಳಕ್ಕೂ ಎಣ್ಣೆ ಸೀಗೆಕಾಯಿ. ಮಕ್ಕಳು ಒದ್ದೆ ಕಾಲಲ್ಲಿ ಬೇಲಿ ಹಾರಿ ಅವನ ಹುಲ್ಲು ತುಳಿಯುತ್ತವೆ. ಅವನು ಹುಲ್ಲಿಗೆ ಕೊಡುವ ಪ್ರೀತಿಯಲ್ಲಿ ಅರ್ಧ ಮನುಷ್ಯರಿಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಮೇಯರ್ ಆಗಿರುತ್ತಿದ್ದ.

ನಾನೂ ಬ್ರಿಡಿಯ ಹಿಂದೆ ಹೋದೆ. ಈಜುವವರಿಲ್ಲ ಅಂದಮೇಲೆ ಚಿಪ್ಸ್ ತಿನ್ನುವವರೂ ಇಲ್ಲ.

"ಈ ಚೀಲ ನಿಮ್ದಾ?"

"ನಂದೇ. ಆದ್ರೆ ನಾನು ಹಾಕಿಲ್ಲ."

"ನಾನಿನ್ನೂ ಏನೂ ಕೇಳೇ ಇಲ್ಲ."

"ಕೊಳ ಹಸಿರಾಗಿದೆ, ನಿಮ್ಮ ಕೈಲಿ ನನ್ನ ಚೀಲ ಇದೆ. ಇನ್ನೇನು ಕೇಳೋಕೆ ಬಂದಿರ್ತೀರಿ? ಕೊಳ ಮುಚ್ಚಿದ್ರೆ ನನಗೆ ಹಬ್ಬ, ಸುಳ್ಳು ಹೇಳಲ್ಲ. ಅದಕ್ಕೆ ಒಂದು ಚೀಲ ಗೊಬ್ಬರ ದಂಡ ಮಾಡ್ತೀನಾ ನಾನು? ಇದನ್ನ ತರಿಸೋಕೆ ಕ್ಲಬ್ಬಿನೋರ ಹತ್ರ ಎಷ್ಟು ಗೋಗರೆದಿದ್ದೆ ಗೊತ್ತಾ?"

ಅವನ ಕಣ್ಣು ಚೀಲದ ಮೇಲೆಯೇ ಇತ್ತು. ಅಷ್ಟು ದುಃಖ ನಟಿಸುವ ಸಾಮರ್ಥ್ಯ ಲೆಸ್‌ಗಿಲ್ಲ.

"ಯಾವಾಗ ಕಾಣೆಯಾಯ್ತು?"

"ಸೋಮವಾರ ಹೆಂಗಸರ ಆಟ ಇತ್ತು. ಅವರು ಬರೋ ಮುಂಚೆ ಇದ್ದಿದ್ದು ನೋಡಿದೀನಿ. ಮಾರನೇ ಬೆಳಿಗ್ಗೆ ಇರಲಿಲ್ಲ."

"ಬೀಗ?"

"ಹಾಕಿರುತ್ತೆ. ಕೀಲಿಕೈ ಹೂಕುಂಡದ ಕೆಳಗಿರುತ್ತೆ."

"ಅದು ಯಾರಿಗೆಲ್ಲ ಗೊತ್ತು?"

"ಕ್ಲಬ್ಬಲ್ಲಿ ಒಂದು ಸಲ ಚೆಂಡು ಉರುಳಿಸಿದೋರಿಗೆಲ್ಲ ಗೊತ್ತು," ಎಂದ ಲೆಸ್. ಹಾಗೆ ಅಂದಮೇಲೆ ಅವನಿಗೇ ನಾಚಿಕೆಯಾಯಿತು.

* * *

ನಾನೂ ಬ್ರಿಡಿಯೂ ಅಂಗಡಿಗೆ ವಾಪಸು ಬಂದರೆ ಟ್ಯಾಮ್ಸಿನ್ ಕೂತಿದ್ದಳು. ಮಕ್ಕಳಿಗೆ ಈಜು ಕಲಿಸುವವಳು. ಉದ್ದ ಕಾಲು, ಸಣ್ಣ ಸೊಂಟ. ವರ್ಷವಿಡೀ ಸೌತೆಕಾಯಿ ಕಡಿದುಕೊಂಡಿರುವವಳು ಅವತ್ತು ನನ್ನ ಕೈಯಿಂದ ಮಾಂಸದ ಪೈ ಇಸಿದುಕೊಂಡು, ಮೇಲೆ ಟೊಮೆಟೊ ಸಾಸ್ ಸುರಿದುಕೊಂಡು ತಿನ್ನುತ್ತಿದ್ದಳು. ಸ್ಪರ್ಧೆ ಹೋಯಿತೆಂಬ ಸಂಕಟ ಅದು.

ಆಗ ನೋರೀನ್ ಬಂದಳು. ಕ್ಲೈವ್‌ನ ಹೆಂಡತಿ. ಬಿಳಿ ಲಂಗ, ಬಿಳಿ ಟೋಪಿ, ಬೌಲ್ಸ್ ಆಡುವ ವೇಷ. ಹಿಂದೆ ಚಕ್ರದ ಚೀಲ ಎಳೆದುಕೊಂಡು ಬಂದಿದ್ದಳು. ಭಾರದ ಚೆಂಡುಗಳನ್ನು ನಮ್ಮ ಹೆಂಗಸರು ಅದರಲ್ಲೇ ಸಾಗಿಸುವುದು. ಗಂಡನ ಮಧ್ಯಾಹ್ನದ ಊಟದ ಡಬ್ಬಿಯನ್ನೂ ನೋರೀನ್ ದಿನಾ ಅದರಲ್ಲೇ ತರುತ್ತಾಳೆ.

ಅವಳು ಟೀ ಕುಡಿಯುತ್ತಾ ಟ್ಯಾಮ್ಸಿನ್ ಕೂತಿದ್ದ ಕಡೆಗೇ ಬಹಳ ಹೊತ್ತು ನೋಡಿದಳು. ಟ್ಯಾಮ್ಸಿನ್‌ಳ ಬೆನ್ನ ಹಿಂದೆ ಕೊಳ.

"ಹೊಟ್ಟೆಗಿಲ್ಲದೆ ಚೆಂದ ಕಾಣ್ತಿದ್ಲು, ಅಷ್ಟೆ," ಎಂದಳು ಮೆಲ್ಲಗೆ. "ಒಂದು ಹೊತ್ತು ಹೊಟ್ಟೆ ತುಂಬಾ ತಿನ್ನಲಿ, ನಿಜವಾದ ಬಣ್ಣ ಹೊರಗೆ ಬರುತ್ತೆ."

ಡಬ್ಬಿ ಇಟ್ಟು ಹೋದಳು. ನಾನು ಬ್ರಿಡಿಯ ತೋಳು ಹಿಡಿದು ಒಳಕ್ಕೆ ಎಳೆದೆ.

"ಕೇಸು ಮುಗೀತು ಕಣೇ. ಟ್ಯಾಮ್ಸಿನ್ ಮೇಲಿನ ಉರಿ ಇದು. ಕೂದಲು ಕತ್ತರಿಸೋ ಅಂಗಡೀಲಿ ನೋರೀನ್ ಏನಂದ್ಲು ಗೊತ್ತಾ? 'ಕಣ್ಣು ಬಿಟ್ರೆ ಅವಳ ಚಿಂತೆ, ಕಣ್ಣು ಮುಚ್ಚಿದ್ರೆ ಅವಳ ಕನಸು, ಕ್ಲೈವ್‌ಗೆ ಅವಳನ್ನ ಬಿಟ್ಟು ಒಂದು ದಿನ ಇರೋಕಾಗಲ್ಲ' ಅಂತ. ಊರಿಗೆಲ್ಲ ಗೊತ್ತಿರೋ ವಿಷಯ. ಸ್ಪರ್ಧೆ ನಿಂತ್ರೆ ಟ್ಯಾಮ್ಸಿನ್ ಹೆಸರು ಕೆಡುತ್ತೆ ಅಂತ ಹಾಕಿದಾಳೆ."

"ಟ್ಯಾಮ್ಸಿನ್ ಹೆಸರು ಕೆಡಿಸೋಕೆ ಗಂಡನ ಕೆಲಸ ಕಳೀತಾಳಾ?"

"ಹೊಟ್ಟೆಕಿಚ್ಚಿಗೆ ಲೆಕ್ಕ ಇರುತ್ತಾ?"

ಹೊಟ್ಟೆಕಿಚ್ಚಿನ ವಿಷಯದಲ್ಲಿ ನನ್ನ ಮಾತಿಗೆ ತೂಕವಿದೆ. ನನ್ನ ಗಂಡ ರೇಸಿನ ನಾಯಿಯೊಂದನ್ನು ಸಾಕಿದ್ದ. ನಾಯಿಗೆ ಮಾಂಸ, ನನಗೆ ಬ್ರೆಡ್ಡು. ಅದು ಸತ್ತ ದಿನ ಅವನು ಅತ್ತ, ನಾನು ಕೇಕ್ ಮಾಡಿದೆ.

ಬ್ರಿಡಿ ಹೊರಗೆ ಹೋಗಿ ಟ್ಯಾಮ್ಸಿನ್‌ಳನ್ನು ನೇರವಾಗಿಯೇ ಕೇಳಿದಳು. ಟ್ಯಾಮ್ಸಿನ್ ಪೈ ನೆತ್ತಿಗೇರಿ ಕೆಮ್ಮಿದಳು.

"ನಾನು, ಕ್ಲೈವ್? ಸಾರ್ಜೆಂಟ್, ಎರಡು ವರ್ಷ ಆಯ್ತು, ಅವನಿಗೆ ನನ್ನ ಹೆಸರೇ ಗೊತ್ತಿಲ್ಲ. 'ಏ ಮೂರನೇ ಲೇನು' ಅಂತ ಕೂಗ್ತಾನೆ. ಮೊನ್ನೆ ನಾನು ಜಾರಿ ಬಿದ್ದೆ. ಓಡಿ ಬಂದು ನೋಡಿದ್ದು ನನ್ನ ಮಂಡಿಯನ್ನಲ್ಲ. ನೀರಿಗೆ ಸನ್‌ಸ್ಕ್ರೀನ್ ಬಿತ್ತಾ ಅಂತ."

ಬ್ರಿಡಿ ನನ್ನ ಕಡೆ ತಿರುಗಿದಳು. "ನೋರೀನ್ ಈಗ ಟೀ ಕುಡೀತಾ ಅಂದಿದ್ದು ಇನ್ನೊಂದ್ಸಲ ಹೇಳು. ಒಂದಕ್ಷರ ಬಿಡಬೇಡ."

ನಾನು ಹೇಳಿದೆ. ಅವಳು ಕೊಳದ ಕಡೆ ನೋಡಿದಳು. ಆಮೇಲೆ ಏನೂ ಹೇಳದೆ ಪಂಪಿನ ಶೆಡ್ಡಿಗೆ ನಡೆದಳು. ಅವಳ ಈ ಒಂದು ಗುಣ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

* * *

ಶೆಡ್ಡಿನಲ್ಲಿ ಒಂದು ಕಡೆ ಫಾಸ್ಫೇಟ್ ತೆಗೆಯುವ ಔಷಧದ ಖಾಲಿ ಬಾಟಲಿಗಳ ರಾಶಿ. ಇನ್ನೊಂದು ಕಡೆ ಕ್ಲೋರಿನ್ ಡ್ರಮ್ಮುಗಳು. ಬ್ರಿಡಿ ಬಗ್ಗಿ ನೋಡಿದಳು. ಡ್ರಮ್ಮಿನ ಮುಚ್ಚಳದಿಂದ ಗೋಡೆಗೆ ಜೇಡರ ಬಲೆ. ನಡುವೆ ಕೆಂಪು ಬೆನ್ನಿನ ಜೇಡ, ಮೊಟ್ಟೆಗಳ ಸಮೇತ ಸಂಸಾರ ಹೂಡಿತ್ತು.

"ಇದನ್ನ ಯಾರೂ ಮುಟ್ಟೇ ಇಲ್ಲ," ಎಂದಳು.

ಪಕ್ಕದ ಪಟ್ಟಣದಲ್ಲಿ ಈಜುಕೊಳದ ಸಾಮಾನು ಮಾರುವವನಿಗೆ ಫೋನ್ ಹಚ್ಚಿ, ನನಗೂ ಕೇಳಿಸುವಂತೆ ಹಿಡಿದಳು. ಅಷ್ಟಾದರೂ ಮಾಡಿದಳಲ್ಲ.

"ಒಂದು ಚೀಲ ಗೊಬ್ಬರ ಸುರಿದ್ರೆ ಊರಿನ ಕೊಳ ಹಸಿರಾಗುತ್ತಾ?"

"ಇಲ್ಲ ಬಿಡಿ. ಕ್ಲೋರಿನ್ ಸರಿಯಾಗಿದ್ರೆ ಪಾಚಿ ಹುಟ್ಟಿದಲ್ಲೇ ಸಾಯುತ್ತೆ. ಬಡಿಸಿದ ಊಟ ಹಾಗೇ ಉಳಿಯುತ್ತೆ, ಉಣ್ಣೋರೇ ಇರಲ್ಲ."

"ಆದ್ರೂ ಗೊಬ್ಬರ ಹಾಕಿದ್ರೆ?"

"ಹಾಕಿದೋರು ಒಂದೋ ದಡ್ಡರು. ಇಲ್ಲಾ, ಆ ನೀರಲ್ಲಿ ಕ್ಲೋರಿನ್ ಇಲ್ಲ ಅಂತ ಗೊತ್ತಿದ್ದೋರು."

ಬ್ರಿಡಿ ಫೋನ್ ಇಟ್ಟಳು. "ನಮ್ಮ ಕೊಳದಲ್ಲಿ ಕಣ್ಣು ಉರಿಯಲ್ಲ, ವಾಸನೆ ಇಲ್ಲ ಅಂತ ಊರೆಲ್ಲ ಹೊಗಳ್ತೀವಲ್ಲ. ಯಾಕೆ ಅಂತ ಒಬ್ಬರಾದ್ರೂ ಕೇಳಿದ್ವಾ?"

ನಾವು ಯಾರೂ ಕೇಳಿರಲಿಲ್ಲ. ಬಿಟ್ಟಿ ಸುಖದ ಮೂಲ ಹುಡುಕುವ ಅಭ್ಯಾಸ ನಮ್ಮೂರಿಗಿಲ್ಲ.

* * *

ಮಧ್ಯಾಹ್ನ ಕೊಳದ ಬದಿಯ ಬೆಂಚಿನ ಮೇಲೆ ಕ್ಲೈವ್ ಕೂತಿದ್ದ. ಬ್ರಿಡಿ ನೋರೀನ್‌ಳನ್ನು ಕ್ಲಬ್ಬಿನಿಂದ ಕರೆಸಿದಳು. ನಾನು ಟೀ ತಂದೆ. ಟೀ ತಂದವಳನ್ನು ಯಾರೂ ಹೋಗು ಅನ್ನುವುದಿಲ್ಲ.

"ಕ್ಲೈವ್, ಕ್ಲೋರಿನ್ ಎಷ್ಟು ಹಾಕ್ತಾ ಇದ್ದೆ?"

"ನಿಯಮದಲ್ಲಿ ಎಷ್ಟಿದೆಯೋ ಅಷ್ಟು."

"ಡ್ರಮ್ಮಿನ ಮೇಲೆ ಜೇಡ ಮರಿ ಹಾಕೋ ಹೊತ್ತಾಗಿದೆ."

ಅವನು ತಲೆ ತಗ್ಗಿಸಿದ. "ನೀರಿನ ಪರೀಕ್ಷೆಯೋರು ಬರೋ ದಿನ ಮಾತ್ರ ಹಾಕ್ತಿದ್ದೆ. ಫಾಸ್ಫೇಟ್ ಇಲ್ಲದಿದ್ರೆ ಕ್ಲೋರಿನ್ ಯಾಕೆ ಬೇಕು? ಸುಮ್ಮನೆ ಇವಳ ಮೈ ಸುಡೋದು. ಇವಳ ನೀರು ಹೇಗಿತ್ತು ನೀನೇ ನೋಡಿದೀಯಲ್ಲ."

"ಇದು ಇನ್ಯಾರಿಗೆ ಗೊತ್ತಿತ್ತು?"

"ಯಾರಿಗೂ ಗೊತ್ತಿಲ್ಲ. ಗೊತ್ತಾದ್ರೆ ಕೆಲಸ ಹೋಗುತ್ತೆ, ಹೇಳ್ಕೊಂಡು ತಿರುಗ್ತೀನಾ? ಮನೇಲಿ ಊಟಕ್ಕೆ ಕೂತಾಗ ಏನೋ ಒಂದು ಮಾತು..." ಅಷ್ಟಕ್ಕೆ ಅವನ ಮಾತು ನಿಂತಿತು.

ಬ್ರಿಡಿ ಬೆರಳು ಮಡಚಲಿಲ್ಲ, ದನಿ ಏರಿಸಲಿಲ್ಲ. ಲೆಸ್ ಹಾಕಿದ್ದರೆ ತನ್ನ ಚೀಲವನ್ನು ಇಲ್ಲೇ ಬಿಡುತ್ತಿರಲಿಲ್ಲ ಎಂದಳು. ಕೊಳ ಕೆಡಿಸಬೇಕೆಂದು ಬಂದ ಹೊರಗಿನವರು ಕ್ಲೋರಿನ್ ತಂಟೆಗೆ ಹೋಗುತ್ತಿದ್ದರು, ಗೊಬ್ಬರ ಹೊರುತ್ತಿರಲಿಲ್ಲ. ಈ ಕೊಳಕ್ಕೆ ಬರೀ ಊಟ ಹಾಕಿದರೆ ಸಾಕು ಎಂದು ತಿಳಿದವರು ಕ್ಲೈವ್‌ನ ಜೊತೆ ಊಟಕ್ಕೆ ಕೂರುವವರೇ. ಚೀಲ ಹೋದದ್ದು ಹೆಂಗಸರ ಆಟದ ದಿನ. ಚಕ್ರದ ಚೀಲವಿದ್ದರೆ ಭಾರ ಭಾರವಲ್ಲ. ಮಾರನೇ ದಿನ ಊಟದ ಡಬ್ಬಿಯ ಜೊತೆ ಅದು ಶೆಡ್ಡಿಗೇ ಬಂತು. ಕೊಳದ ನೀರು ಪಂಪಿಗೆ ಹೋಗುವ ಮುಂಚೆ ಬಂದು ಬೀಳುವ ಶೆಡ್ಡಿನ ಹಿಂದಿನ ತೊಟ್ಟಿಗೆ ಸುರಿದರೆ ಪಂಪೇ ಇಡೀ ಕೊಳಕ್ಕೆ ಬಡಿಸುತ್ತದೆ. ಖಾಲಿ ಚೀಲವನ್ನು ಮೇಜುಬಟ್ಟೆಯ ಹಾಗೆ ಮಡಚಿ ಕಸಕ್ಕೆ ಹಾಕುವ ಗಂಡಸು ಈ ಊರಲ್ಲಿ ಹುಟ್ಟಿಲ್ಲ.

"ಇನ್ನು, ಕೂದಲ ಅಂಗಡೀಲಿ 'ಅವಳು, ಅವಳು' ಅಂದ್ರಲ್ಲ ನೋರೀನ್, ಊರೆಲ್ಲ ಅವಳು ಟ್ಯಾಮ್ಸಿನ್ ಅಂದ್ಕೊಂಡಿತು. ನೀವು ಹೇಳಿದ್ದು ಟ್ಯಾಮ್ಸಿನ್ ವಿಷಯ ಅಲ್ಲ. ಇವಳ ವಿಷಯ." ಬ್ರಿಡಿ ಹಸಿರು ನೀರಿನ ಕಡೆ ಕೈ ಮಾಡಿದಳು.

ನಾನೇ ಹೊತ್ತು ಹಬ್ಬಿಸಿದ ಸುದ್ದಿ ಅದು.

ನೋರೀನ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಿಳಿ ಲಂಗದಲ್ಲಿ ಒಂದು ಸುಕ್ಕಿಲ್ಲ.

"ಹೆಂಗಸಾಗಿದ್ರೆ ಜುಟ್ಟು ಹಿಡಿದು ಎಳೀತಿದ್ದೆ. ನೀರಿಗೆ ಜುಟ್ಟೆಲ್ಲಿದೆ? ಭಾನುವಾರ ನಮ್ಮ ಮದುವೆಯಾದ ದಿನ. ಕುರಿಮಾಂಸ ಬೇಯಿಸಿ, ಒಳ್ಳೆ ತಟ್ಟೆ ತೆಗೆದಿಟ್ಟು ಕೂತಿದ್ದೆ. ಗಾಳಿ ಎದ್ದಿದ್ದೇ ತಡ, ಅವಳ ಮೇಲೆ ಧೂಳು ಬೀಳುತ್ತೆ ಅಂತ ಎದ್ದು ಓಡಿದ. ಮನೆ ಕಿಟಕಿ ಎಲ್ಲ ತೆರೆದೇ ಇತ್ತು. ನಾನೂ, ತಟ್ಟೆಗಳೂ ಕೆಂಪು ಧೂಳಲ್ಲಿ ಕೂತಿದ್ವಿ. ಆಗ ಅನ್ನಿಸ್ತು, ನನ್ನ ಅಡುಗೆ ಇವನಿಗೆ ಬೇಡ ತಾನೇ, ಅವಳಿಗೇ ಹಾಕೋಣ ಅಂತ. ಅವಳೂ ಒಂದು ದಿನ ಕುರೂಪಿ ಆಗಲಿ. ಆಗಲೂ ಇವನು ಅವಳ ಪಕ್ಕ ಕೂರ್ತಾನಾ ನೋಡೋಣ ಅಂತ."

ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಬರಬೇಕಿತ್ತು, ಬರಲಿಲ್ಲ.

ಬ್ರಿಡಿ ನಿಟ್ಟುಸಿರು ಬಿಟ್ಟಳು. "ಕ್ಲೈವ್, ಸಂಜೆ ಸಭೆಗೆ ನಾನು ಎರಡೂ ಹೇಳಬೇಕಾಗುತ್ತೆ. ಗೊಬ್ಬರ ಹಾಕಿದ್ದು ಯಾರು ಅಂತ. ಆ ಗೊಬ್ಬರ ಕೆಲಸ ಮಾಡಿದ್ದು ಯಾಕೆ ಅಂತ. ನಿನ್ನ ಕೆಲಸ ಉಳಿಯಲ್ಲಪ್ಪ."

ಕ್ಲೈವ್ ತಲೆಯಾಡಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. ನೋರೀನ್ ಟೋಪಿಯ ಅಂಚನ್ನು ಬಿಗಿಯಾಗಿ ಹಿಡಿದು, ಅವನ ಬಾಯಿಯನ್ನೇ ನೋಡುತ್ತಾ ಕೂತಳು. ಬೈಗುಳಕ್ಕೂ ಅವಳು ತಯಾರಿದ್ದಳು. ಬೈದರೆ ಸಾಕು ಅನ್ನುವಂತಿತ್ತು ಆ ಮುಖ.

"ಎಷ್ಟು ಹಾಕಿದೆ?" ಎಂದ ಕ್ಲೈವ್. "ಇಡೀ ಚೀಲಾನಾ? ಒಂದೇ ಸಲಕ್ಕಾ?"

ನೋರೀನ್ ಟೋಪಿ ತಲೆಗೆ ಹಾಕಿಕೊಂಡು ಎದ್ದಳು.

"ಕೇಳಿಸ್ಕೊಂಡ್ರಾ ಸಾರ್ಜೆಂಟ್? ನಾನಿಷ್ಟು ಹೇಳಿದ ಮೇಲೂ ಇವನಿಗೆ ಅವಳದೇ ಚಿಂತೆ."